ಒಂದು ತಟ್ಟು, ಎರಡು ತಟ್ಟು

ವಿಚಿಟಾದ ತಾಂತ್ರಿಕ ಶಾಲೆಯವರು ಕರೆದಿದ್ದರು,
ಹುಡುಗರಿಗೆ ನಾಲ್ಕು ಮಾತು ಹೇಳಿ,
ಈ ಕೆಲಸಕ್ಕೆ ಮುಂದೆ ಹೇಗಿದೆ ಅಂತ.
ಕಾಫಿ ಕೊಟ್ಟು ಎದೆಗೆ ಚೀಟಿ ಅಂಟಿಸಿದರು:
ವರ್ಲೀನ್ ಯಾಂಟ್ಸೆನ್, ವಿಮಾನ ಜೋಡಣೆ, ಮೂವತ್ತೊಂದು ವರ್ಷ.

ಮೂವತ್ತೊಂದು ಅನ್ನುವುದು ಸುಳ್ಳು.
ನಡುವೆ ಮೂರು ಸಲ ಮನೆಗೆ ಕಳಿಸಿದ್ದಾರೆ,
ಕಳೆದರೆ ಇಪ್ಪತ್ತಾರೂವರೆ.
ಉಳಿದದ್ದರಲ್ಲಿ ಶಾಲೆಮಕ್ಕಳ ಬಸ್ಸು ಓಡಿಸಿದೆ,
ಆಸ್ಪತ್ರೆಯ ಹೊದಿಕೆ ಒಗೆದೆ,
ಒಂದು ಚಳಿಗಾಲ ಏನೂ ಮಾಡಲಿಲ್ಲ,
ಕಿಟಕಿಯಲ್ಲಿ ಕೂತು ಗೂಡ್ಸ್ ರೈಲು ಎಣಿಸಿದೆ.

ಪರದೆಯ ಮೇಲೆ ಒಂದು ಗೆರೆ,
ಎಡದಿಂದ ಬಲಕ್ಕೆ ಏರುತ್ತಿತ್ತು;
ತುದಿಯಲ್ಲಿ ಚುಕ್ಕಿಚುಕ್ಕಿಯಾಗಿ
ಇನ್ನೂ ಬಾರದ ವರ್ಷಗಳು.
ನನ್ನ ಕಣ್ಣಿಗೆ ಅದು ರಿವೆಟ್ಟಿನ ಸಾಲು:
ತೂತು ಕೊರೆದಿದೆ, ಮೊಳೆ ಬಿದ್ದಿಲ್ಲ.

ಭವಿಷ್ಯವೇ? ನಮ್ಮೂರಲ್ಲಿ ಅದನ್ನು
ರೈಲ್ವೆ ಗೇಟಿನಲ್ಲಿ ನೋಡುತ್ತಾರೆ.
ನಾವು ಕಟ್ಟಿದ ಒಡಲುಗಳು ರೈಲಿನಲ್ಲಿ ಹೋಗುತ್ತವೆ,
ರೆಕ್ಕೆಯಿಲ್ಲ, ಬಾಲವಿಲ್ಲ, ಮೈಗೆಲ್ಲ ಎಳೆಹಸಿರು,
ಬಲಿಯದ ಬಟಾಣಿಕಾಯಿಯ ಹಾಗೆ
ಗೋಧಿ ಹೊಲದ ನಡುವೆ.
ರೆಕ್ಕೆ ಹಚ್ಚುವವರು ಬೇರೆ, ಅವರ ಊರು ಬಲು ದೂರ.
ಗೇಟು ಬಿದ್ದರೆ ಊರೇ ಎಣಿಸುತ್ತದೆ:
ಅಡಿಗೆಮನೆ ದುರಸ್ತಿ ಮಾಡಿಸಬೇಕೆಂದಿರುವವನು,
ಬಸುರಿ, ಬ್ಯಾಂಕಿನ ಗುಮಾಸ್ತ.
ಆರು ಹೋದರೆ ಹಾರ್ನ್ ಹೊಡೆಯುತ್ತಾರೆ.
ಮೂರು ಹೋದರೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.
ಒಂದು ವರ್ಷ ಬರೀ ಕಲ್ಲಿದ್ದಲು ಹೋಯಿತು.

ಇದನ್ನೆಲ್ಲ ಹೇಳಲಿಲ್ಲ. ಚೀಲದಿಂದ
ಅಂಗೈಯಗಲದ ಉಕ್ಕಿನ ಗಟ್ಟಿ ತೆಗೆದು ಮೇಜಿನ ಮೇಲಿಟ್ಟೆ.
ಹನ್ನೊಂದು ವರ್ಷ ನಾನು ಹೊರಗೆ, ಥ್ವಿ ಒಳಗೆ.
ನಾನು ಗನ್ನು ಹಿಡಿದು ಬಡಿಯುವವಳು,
ಅವಳು ಒಡಲೊಳಗೆ ಮುದುಡಿ ಕೂತು
ಈ ಗಟ್ಟಿಯನ್ನು ಒತ್ತಿ ಹಿಡಿಯುವವಳು.
ನಡುವೆ ತಗಡು. ಮುಖ ಕಾಣದು, ಮಾತು ಕೇಳದು.
ಒಂದು ತಟ್ಟಿದರೆ: ಕೂತಿಲ್ಲ, ಇನ್ನಷ್ಟು ಬಡಿ.
ಎರಡು ತಟ್ಟಿದರೆ: ಸರಿ, ಮುಂದಕ್ಕೆ.
ಮೂರು: ಕೆಟ್ಟಿತು, ಕೊರೆದು ತೆಗೆ.
ಅವಳ ಗಂಡ ತೀರಿಕೊಂಡು ಎಂಟು ದಿನಕ್ಕೇ ಬಂದಿದ್ದಳು.
ಹೇಗೆ ಕೇಳುವುದೆಂದು ತಿಳಿಯದೆ
ತಗಡಿಗೆ ಎರಡು ತಟ್ಟಿ ಕಾದೆ.
ಬಹಳ ಹೊತ್ತಿನ ಮೇಲೆ ಆಚೆಯಿಂದ
ಒಂದೇ ಒಂದು.

ಈಗ ಅಲ್ಲಿ ಹಳದಿ ತೋಳಿನ ಯಂತ್ರ.
ಒಳಗೂ ಅದೇ, ಹೊರಗೂ ಅದೇ,
ತನಗೆ ತಾನು ತಟ್ಟಿ ಹೇಳಬೇಕಾದ್ದಿಲ್ಲ.
ಒಳ್ಳೆಯ ಕೆಲಸಗಾರ, ಸುಳ್ಳಾಡಬಾರದು.
ಮೂಲೆಗಳಿಗೆ ಮಾತ್ರ ಅದರ ಭುಜ ಹೋಗುವುದಿಲ್ಲ.
ನಮ್ಮನ್ನು ಸಾಕುತ್ತಿರುವುದು ಮೂಲೆಗಳು.

ಹಿಂದಿನ ಸಾಲಿನಿಂದ ಇಟ್ಸೆಲ್ ಎಂಬ ಹುಡುಗಿ ಕೈ ಎತ್ತಿದಳು:
ಕಾರಿಗೆ ಸಾಲ ತಗೊಳ್ಳಲಾ, ಬೇಡವಾ,
ಅಷ್ಟು ಹೇಳಿ ಸಾಕು.
ಎಲ್ಲ ನಕ್ಕರು. ನನಗೆ ನಗು ಬರಲಿಲ್ಲ.
ಹತ್ತೊಂಬತ್ತರಲ್ಲಿ ನನಗೆ ಇಷ್ಟು ನೆಟ್ಟಗೆ ಕೇಳಲು ಬರುತ್ತಿರಲಿಲ್ಲ.

ಹಳೆಯದು ತಗೋ, ಅಂದೆ.
ಮೂರು ತಿಂಗಳ ಬಾಡಿಗೆ ಬ್ಯಾಂಕಿನಲ್ಲಿರಲಿ.
ಮೊದಲ ದಿನದಿಂದಲೇ ಕಿವಿಗೆ ಬಿರಡೆ ಹಾಕು,
ನನ್ನ ಬಲಗಿವಿ ಹೋಗಿ ಆರು ವರ್ಷ.
ಸಂಘಕ್ಕೆ ಚಂದಾ ಕಟ್ಟು.
ಮನೆಗೆ ಕಳಿಸಿದರೆ ಉಪಕರಣದ ಪೆಟ್ಟಿಗೆ ಮಾರಬೇಡ;
ನಾನು ಮಾರಿದೆ, ಮತ್ತೆ ಕರೆದಾಗ
ದುಪ್ಪಟ್ಟು ಕೊಟ್ಟು ಕೊಂಡೆ,
ಅದೇ ಪೆಟ್ಟಿಗೆ, ಅದೇ ಮನುಷ್ಯನಿಂದ.

ಈ ಗೆರೆಯ ಬಗ್ಗೆ? ಕೇಳಿದರು ಮೇಷ್ಟ್ರು ಒಲಿಂಜರ್, ಕೋಲು ತೋರಿಸಿ.
ಗೆರೆ ಎಳೆದವರು ಗೇಟಿನಲ್ಲಿ ಕಾದವರಲ್ಲ, ಅಂದೆ.
ಅವರು ಬರೆದುಕೊಳ್ಳಲಿಲ್ಲ.

ಹೊರಗೆ ಗಾಳಿ, ಕಾರಿನ ಬಾಗಿಲು ಕಿತ್ತುಕೊಳ್ಳುವಂಥದು.
ಕ್ರಾಸಿಂಗಿನಲ್ಲಿ ಗೇಟು ಬಿದ್ದಿತ್ತು.
ಪಕ್ಕದಲ್ಲಿ ಸೈಕಲ್ ಹಿಡಿದು ಅದೇ ಹುಡುಗಿ,
ತುಟಿ ಅಲ್ಲಾಡುತ್ತಿದೆ, ಆಗಲೇ ಕಲಿತುಬಿಟ್ಟಿದ್ದಾಳೆ.
ನಾಲ್ಕು.
ಆಮೇಲೆ ಧಾನ್ಯದ ಡಬ್ಬಿಗಳು, ಮತ್ತೆ ಧಾನ್ಯದ ಡಬ್ಬಿಗಳು,
ಬಾಲ ಇನ್ನೂ ತಿರುವಿನಲ್ಲೇ ಇದೆ.
ಅವಳು ನನ್ನ ಕಡೆ ತಿರುಗಿದಳು.
ಗಾಜು ಏರಿಸಿತ್ತು, ಮಾತು ಕೇಳದು.
ಬೆರಳಲ್ಲಿ
ಒಂದು ತಟ್ಟಿದೆ.